ಮಾಸ್ತರರ ಲ್ಯಾಪ್‌ಟಾಪ್ ಮಾತು ಬಿಟ್ಟ ಭಾನುವಾರ

ಓದುವ ಎಲ್ಲರಿಗೂ ವಾಡಿಯಿಂದ ನಮಸ್ಕಾರ. ಶಾಲೆಗೆ ಹೋಗುವ ವಯಸ್ಸಿನಲ್ಲಿ ನಾನು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದೆ. ಹತ್ತನೆಯ ತರಗತಿ ಪಾಸಾದದ್ದು ಮದುವೆಯಾಗಿ ಮಗಳು ಹುಟ್ಟಿದ ಮೇಲೆ. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತೇನೆ. ಒತ್ತಕ್ಷರ ತಪ್ಪಿದ್ದರೆ ಸಿಟ್ಟಾಗದೆ ಸರಿಮಾಡಿಕೊಂಡು ಓದಿರಿ.

ನನಗೆ ಆ ಪರೀಕ್ಷೆ ದಾಟಿಸಿದವರು ಒಬ್ಬ ಮಾಸ್ತರರು. ಮನೆ ಚಿತ್ತಾಪುರದಲ್ಲಿ, ಸಮಾಜ ವಿಜ್ಞಾನ ಕಲಿಸುವುದು ವಾಡಿಯ ಹೈಸ್ಕೂಲಿನಲ್ಲಿ. ಹುಟ್ಟಿನಿಂದಲೇ ಅವರಿಗೆ ಕಣ್ಣಿಲ್ಲ. ಪರದೆಯ ಮೇಲಿರುವುದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಒಂದು ಅವರ ಲ್ಯಾಪ್‌ಟಾಪಿನಲ್ಲಿದೆ. ಅದನ್ನು ಕೇಳಿಕೊಂಡೇ ಅವರು ಓದುತ್ತಾರೆ, ಬರೆಯುತ್ತಾರೆ. ನಾನು ಈಗ ಸ್ಟೇಷನ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಲ್ಯಾಪ್‌ಟಾಪಿಗೆ ಏನಾದರೂ ಆದರೆ ಅವರ ಫೋನು ನನಗೇ ಬರುತ್ತದೆ.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಹಾಗೆಯೇ ಬಂತು.

“ತಮ್ಮಾ, ನಿನ್ನಿ ಸೆಕ್ಯೂರಿಟಿ ಅಪ್‌ಡೇಟ್ ಹಾಕೀನಿ. ಮುಂಜಾನಿ ಚಾಲೂ ಮಾಡಿದ್ರ ಮಾತೇ ಇಲ್ಲ. ನಾಳಿ ಪ್ರಶ್ನೆಪತ್ರಿಕೆ ಕೊಡೋದದ.”

ಆ ಪತ್ರಿಕೆಯ ಸಂಗತಿ ನನಗೆ ಗೊತ್ತಿತ್ತು. ಒಂಬತ್ತನೆಯ ತರಗತಿಗೆ ಪಾಠ ಮಾಡುವವರು ಇವರು, ಪ್ರಶ್ನೆಪತ್ರಿಕೆ ತೆಗೆಯುವವರು ಇನ್ನೊಬ್ಬರು. “ನಿಮಗ್ಯಾಕ ತ್ರಾಸ” ಎಂದು ಪ್ರತಿ ಸಲ ಶಾಲೆಯವರು ಇವರ ಕೈಯಿಂದ ತಪ್ಪಿಸುತ್ತಿದ್ದರು. ಆ ವರ್ಷ ಇವರು ಹಟ ಹಿಡಿದು, ನಾನೇ ತೆಗೆಯುತ್ತೇನೆ ಎಂದು ಕೇಳಿ ಪಡೆದಿದ್ದರು. ಸೋಮವಾರ ಕೊಡದಿದ್ದರೆ ಕೆಲಸ ಮತ್ತೆ ಬೇರೆಯವರಿಗೆ ಹೋಗುತ್ತದೆ. ಹೋದರೆ ತಿರುಗಿ ಬರುವುದಿಲ್ಲ.

ಅಂಗಡಿಗೆ ಬೀಗ ಹಾಕಿ ಚಿತ್ತಾಪುರದ ಬಸ್ ಹತ್ತಿದೆ. ಹೋದವನೇ ಸುಲಭದ ದಾರಿ ಹೇಳಿದೆ.

“ಸರ, ಫೈಲ್ ತೆರಿತೀನಿ. ಉಳಿದ ಪ್ರಶ್ನಿ ನೀವು ಹೇಳ್ರಿ, ನಾ ಟೈಪ್ ಮಾಡ್ತೀನಿ.”

“ನಿನ್ನ ಮಗಳು ಎಷ್ಟನೇ ಕ್ಲಾಸ್?”

“ಒಂಬತ್ತು, ಸರ. ನಿಮ್ಮ ಸಾಲ್ಯಾಗೇ.”

“ಮತ್ತ? ನೀ ಆ ಪೇಪರ್ ನೋಡಿದ ಮ್ಯಾಲ ನಾ ಯಾವ ಮುಖಾ ತಗೊಂಡು ಸಾಲಿಗಿ ಹೋಗ್ಲಿ? ರೋಗ ಏನದ ಅಷ್ಟು ನೋಡು. ಫೈಲ್ ಮುಟ್ಟಬ್ಯಾಡ.”

ಅವರ ಹೆಂಡತಿ ಅಡುಗೆಮನೆಯಿಂದಲೇ, “ಒಮ್ಮೆ ನೋಡ್ಲಿ ಬಿಡ್ರಿ, ಆ ಹುಡುಗಿಯಾದ್ರೂ ಫಸ್ಟ್ ಬರ್ತದ” ಎಂದು ನಕ್ಕರು.

“ನಾ ನೋಡಿದ್ರೂ ಮನಿ ಮುಟ್ಟೂದರಾಗ ಮರಿತೀನ್ರಿ, ಅಕ್ಕೋರ” ಎಂದೆ.

ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಚಾಲೂ ಮಾಡಿದೆ. ಮಾತಿಲ್ಲ. ಒಂದು ಹಾಡು ಹಚ್ಚಿದೆ, ಹಾಡು ಕೇಳಿಸಿತು. ಅಂದರೆ ಸ್ಪೀಕರ್ ನೆಟ್ಟಗಿದೆ, ಓದುವ ಸಾಫ್ಟ್‌ವೇರ್ ಮಾತ್ರ ಮೂಕವಾಗಿದೆ.

“ಸರ, ಅಪ್‌ಡೇಟ್ ತೆಗದುಬಿಡೋಣ್ರಿ. ನಿನ್ನಿ ಹ್ಯಾಂಗಿತ್ತು ಹಾಂಗ ಆಗ್ತದ.”

“ಇದರಾಗೇ ನನ್ನ ಬ್ಯಾಂಕಿನ ಕೆಲಸಾನೂ ಅದ. ಮೊದಲೇ ನನಗ ಕಳ್ಳ ಬಂದದ್ದು ಕಾಣಂಗಿಲ್ಲ, ಬಾಗಿಲಾ ತೆರದಿಟ್ಟು ಮಲಗು ಅಂತಿ? ಪರದಿ ಮ್ಯಾಲ ಏನರ ಬರದದೇನು, ಓದು.”

ಬರೆದಿತ್ತು, ಆದರೆ ಇಂಗ್ಲಿಷಿನಲ್ಲಿ. ನನಗೆ ಅಕ್ಷರ ಬರುತ್ತವೆ, ಪದ ಕೂಡುವುದಿಲ್ಲ. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಪರದೆ ಕಾಣುವುದಿಲ್ಲ. ನಾನು ಒಂದೊಂದೇ ಅಕ್ಷರ ಹೇಳುತ್ತ ಹೋದೆ, ಅವರು ಪದ ಕಟ್ಟುತ್ತ ಹೋದರು.

“ವಿ, ಇ, ಆರ್, ಎಸ್, ಐ, ಓ, ಎನ್.”

“ವರ್ಷನ್. ಮುಂದ.”

“ಐ, ಎಸ್. ಎನ್, ಓ, ಟಿ. ಇದು ನನಗೂ ಬರ್ತದ್ರಿ, ನಾಟ್.”

“ಶಾಬಾಸ್. ನೀ ಪಾಸಾಗಿದ್ದು ಸುಳ್ಳಲ್ಲ.”

ಮುಂದಿನ ಪದ ಉದ್ದವಿತ್ತು. ಅವಸರಕ್ಕೆ ನಡುವೆ ಅಕ್ಷರ ಬಿಟ್ಟೆ. ಅವರು ಮೊದಲಿನಿಂದ ಹೇಳಿಸಿದರು, ಮತ್ತೆ ಬಿಟ್ಟೆ, ಮತ್ತೆ ಹೇಳಿಸಿದರು. ಅಕ್ಕೋರು ಚಹಾ ತಂದಿಟ್ಟು, “ಇಬ್ಬರು ಗಂಡಸರು ಕೂಡಿ ಒಂದು ಸಾಲು ಓದಾಕತ್ತೀರಿ. ಚಹಾ ಆರೂದರಾಗ ಮುಗಸ್ರಿ” ಎಂದರು.

ಕೊನೆಗೆ ಮಾಸ್ತರರು ತೊಡೆ ತಟ್ಟಿಕೊಂಡರು. “ಕಂಪ್ಯಾಟಿಬಲ್. ಎರಡಕ್ಕೂ ಹೊಂದವಲ್ದು ಅಂತ. ಅಪ್‌ಡೇಟ್ ಹೊಸಾದು, ಓದೋದು ಹಳೇದು. ಅಪ್‌ಡೇಟ್ ಇರ್ಲಿ, ಓದೋದರದು ಹೊಸ ವರ್ಷನ್ ಹಾಕು.”

ನನ್ನ ಮೊಬೈಲಿನ ನೆಟ್‌ನಿಂದ ಇಳಿಸಿಕೊಳ್ಳಬೇಕಿತ್ತು. ಕಲ್ಲಿನ ಗೋಡೆಯ ಮನೆ, ಒಳಗೆ ನೆಟ್ ಸಿಗಲಿಲ್ಲ. ಮಾಳಿಗೆ ಹತ್ತಿದೆವು. ಅವರು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ನಾನು ಮೊಬೈಲ್ ಹಿಡಿದು ಬಿಸಿಲಲ್ಲಿ ನಿಂತೆ. ನಡುವೆ ಒಮ್ಮೆ ಕಡಿದು ಮೊದಲಿನಿಂದ ಶುರುವಾಯಿತು. ನಾಳೆ ಬರುತ್ತೇನೆ ಎನ್ನುವ ಹಾಗಿರಲಿಲ್ಲ. ನಿಂತೇ ಇದ್ದೆ.

ಹೊಸ ವರ್ಷನ್ ಕೂತ ಮೇಲೆ ಲ್ಯಾಪ್‌ಟಾಪ್ ಇಂಗ್ಲಿಷಿನಲ್ಲಿ ಗಡಗಡ ಮಾತಾಡಿತು. ಗೆದ್ದೆವು ಅಂದುಕೊಂಡೆ.

“ಇದು ಕನ್ನಡ ಪ್ರಶ್ನಿ ಹ್ಯಾಂಗ ಓದ್ತದ? ಸರಿ, ಈಗ ನನಗ ಬಿಡು” ಎಂದರು.

ಅಲ್ಲಿಂದ ಮುಂದೆ ನನ್ನ ಕೆಲಸವೇ ಇರಲಿಲ್ಲ. ನಾನು ಮೌಸ್ ಇಲ್ಲದೆ ಒಂದು ಹೆಜ್ಜೆ ಹೋಗಲಾರೆ. ಅವರು ಆ ಇಂಗ್ಲಿಷ್ ದನಿ ಕೇಳುತ್ತ ಬರೀ ಕೀಲಿಗಳ ಮೇಲೆ ಬೆರಳಾಡಿಸಿ ಸೆಟ್ಟಿಂಗಿನೊಳಗೆ ಹೊಕ್ಕರು. ಸ್ವಲ್ಪ ಹೊತ್ತಿಗೆ ಕನ್ನಡದ ದನಿ ಬಂತು. ಅವರು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. ಆಮೇಲೆ ಹೇಳಿದರು:

“ನಡಿ, ಇನ್ನ ನೀ ಕೆಳಗ ಹೋಗು.”

ಪಾವಟಿಗೆ ಇಳಿಯುವಷ್ಟರಲ್ಲಿ ಮೇಲಿನಿಂದ ಆ ದನಿ, “ಪ್ರಶ್ನೆ ಒಂದು” ಎಂದು ಗಟ್ಟಿಯಾಗಿ ಓದಲು ಶುರುಮಾಡಿತು. ನಾನು ಕಿವಿ ಮುಚ್ಚಿಕೊಂಡು ಕೂಗಿದೆ.

“ಸರ, ಇಯರ್‌ಫೋನ್ ಹಾಕ್ಕೋರಿ. ಓಣಿಗೆಲ್ಲ ಕೇಳ್ತದ.”

ಮರುದಿನ ಮಾಸ್ತರರು ಪತ್ರಿಕೆಯನ್ನು ತಾವೇ ಒಯ್ದು ಕೊಟ್ಟರು. ಪರೀಕ್ಷೆ ಬರೆದು ಬಂದ ಮಗಳು ಚೀಲ ಮೂಲೆಗೆ ಒಗೆದು, “ಅಪ್ಪಾ, ಸರ ಭಾಳ ಕಠಿಣ ತೆಗದಾರ” ಎಂದಳು. ಮುಂದಿನ ಪರೀಕ್ಷೆಯ ಪತ್ರಿಕೆಯನ್ನೂ ಶಾಲೆಯವರು ಅವರಿಗೇ ಕೊಟ್ಟರು, ಕೇಳುವ ಮೊದಲೇ.

ಅಪ್‌ಡೇಟ್ ಹಾಕಿದ ಮೇಲೆ ನಿಮ್ಮಲ್ಲಿ ಏನು ಕೈಕೊಟ್ಟಿತು, ಅದನ್ನು ತೆಗೆಯದೆಯೇ ಹೇಗೆ ಸರಿಮಾಡಿಕೊಂಡಿರಿ, ದಯವಿಟ್ಟು ಬರೆಯಿರಿ. ಕೇಳಿಕೊಂಡು ಓದುವವರು ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ ಅವರ ಅನುಭವವನ್ನೂ ಕೇಳಿ ಬರೆಯಿರಿ. ಮಾಸ್ತರರಿಗೂ ನನಗೂ ಉಪಯೋಗವಾಗುತ್ತದೆ.