ಬಿಳಿಮೀನಿಗೆ ಉಸಿರು ಬರುವವರೆಗೆ

ಅಕ್ಕಿಹೆಬ್ಬಾಳಿನ ಬಳಿ ಹೇಮಾವತಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಸೊಂಟಮಟ್ಟದ ನೀರಿನಲ್ಲಿ ನಿಂತ ಸೋಮಮ್ಮ ಎರಡೂ ಅಂಗೈ ಮೇಲೆ ದೊಡ್ಡದೊಂದು ಬಿಳಿಮೀನನ್ನು ಮಲಗಿಸಿಕೊಂಡಿದ್ದಾರೆ. ಅದರ ಬೆನ್ನಿನ ರೆಕ್ಕೆಯ ಬುಡದಲ್ಲಿ ಈಗತಾನೇ ಹಾಕಿದ ಹಳದಿ ಪ್ಲಾಸ್ಟಿಕ್ ಗುರುತು. ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದು ಕಾಯುತ್ತಾರೆ. ಕಿವಿರು ಮೆಲ್ಲಗೆ ಆಡತೊಡಗುತ್ತದೆ.

"ಅವಸ್ರ ಮಾಡ್ಬಾರ್ದು. ತಲೆ ಸುತ್ತಿರ್ತದೆ ಪಾಪ. ಉಸ್ರು ಬರ್ಲಿ, ತಾನೇ ಒಂಟೋಯ್ತದೆ," ಎನ್ನುತ್ತಾರೆ. ಬಾಲ ಒಮ್ಮೆ ಮೊಣಕೈಗೆ ಬಡಿಯುತ್ತದೆ, ಕೈ ಖಾಲಿ. ಸೋಮಮ್ಮನ ಮುಖ ಅರಳುತ್ತದೆ.

ಹೊಳೆಯಲ್ಲಿ ಅಪರೂಪವಾಗುತ್ತಿರುವ ಬಿಳಿಮೀನು ಎಲ್ಲಿ ಮೇಯುತ್ತದೆ, ಮೊಟ್ಟೆಯಿಡಲು ಎತ್ತ ಹೋಗುತ್ತದೆ ಎಂದು ತಿಳಿದರೆ ಅಷ್ಟು ಜಾಗವನ್ನಾದರೂ ಕಾಪಾಡಬಹುದೆಂದು ಸಂಶೋಧಕಿ ಹೇಮಶ್ರೀ ಇಲ್ಲಿಗೆ ಬಂದದ್ದು 1994ರಲ್ಲಿ. ಗುರುತು ಹಾಕುವುದು, ಬಳಲಿದ ಮೀನನ್ನು ಸುಧಾರಿಸುವುದು ಎರಡೂ ಒಬ್ಬರ ಕೈಲಾಗುವ ಕೆಲಸವಲ್ಲ. ದಡದಲ್ಲಿ ಬಲೆ ಒಣಗಿಸುತ್ತಿದ್ದ ಸೋಮಮ್ಮನನ್ನು ಅವರು ಕರೆದರು. ಅಂದಿನಿಂದ ಇಬ್ಬರದೂ ಒಂದೇ ಕೆಲಸ. ಕೆಲವು ದಿನ ಎರಡು ಮೀನು ಸಿಗುತ್ತವೆ, ಕೆಲವು ದಿನ ಒಂದೂ ಇಲ್ಲ. ಚಳಿಗೆ ಬೆರಳು ಮರಗಟ್ಟುತ್ತವೆ. ಊರವರ ನಗೆ ಬೇರೆ.

"ಮೀನ್ಗೆ ಬಾಣಂತನ ಮಾಡೋಳು ಬಂದ್ಲು ಅಂತಾರೆ. ಅನ್ಲಿ ಬುಡಿ, ನನ್ಗೇನೂ ಬೇಜಾರಿಲ್ಲ."

ಸೋಮಮ್ಮನ ಗಂಡ ನಾಗರಾಜು ಇದೇ ಹೊಳೆಯಲ್ಲಿ ಬಲೆ ಬೀಸಿ ಮನೆ ನಡೆಸುವವರು. ಹೋದ ಮುಂಗಾರಿನಲ್ಲಿ, ಮಗಳ ಹೊಸ ಬೀಗರು ಬಂದಿದ್ದ ದಿನ, ಹಳ್ಳವೊಂದು ಹೊಳೆ ಸೇರುವಲ್ಲಿ ಅವರ ಬಲೆಗೆ ಬಿಳಿಮೀನು ಬಿತ್ತು. ಬೆನ್ನಲ್ಲಿ ಹಳದಿ ಗುರುತು, ಹೊಟ್ಟೆ ತುಂಬ ಮೊಟ್ಟೆ. ಮನೆಯಲ್ಲಿ ಆಗಲೇ ಮಸಾಲೆ ಅರೆದಾಗಿತ್ತು. ನಾಗರಾಜು ಮೀನನ್ನು ನೀರಿನಿಂದ ಎತ್ತದೆ ಹೆಂಡತಿಗೆ ಹೇಳಿ ಕಳಿಸಿದರು.

"ಬೀಗ್ರಿಗೆ ಏನ್ ಇಕ್ಕೋದಮ್ಮಿ?" ಎಂದರು, ಸೋಮಮ್ಮ ಓಡಿ ಬಂದಾಗ.

"ಉಪ್ಸಾರು ಮಾಡ್ತೀನಿ. ಬಸುರಿ ಇದು, ಬುಟ್ಬುಡಿ."

ನಾಗರಾಜು ಬಲೆಯನ್ನೇ ಕೊಯ್ದು ಬಿಡಿಸಿದರು. ಉಸಿರು ಬರುವವರೆಗೆ ಸೋಮಮ್ಮ ಹಿಡಿದು ನಿಂತರು. ಆ ಮಧ್ಯಾಹ್ನ ಬೀಗರಿಗೆ ಮುದ್ದೆ, ಉಪ್ಪುಸಾರು. "ಬೀಗ್ತಿ ಮೂತಿ ತಿರುವ್ಕಂಡ್ರು," ಎಂದು ಸೋಮಮ್ಮ ಈಗ ನಗುತ್ತಾರೆ.

ಹೊಸ ನೀರಿಗೆ ಬಿಳಿಮೀನು ಆ ಹಳ್ಳದತ್ತ ಏರುತ್ತದೆ ಎಂಬುದಕ್ಕೆ ಇಷ್ಟು ವರ್ಷ ಹುಡುಕಿದ ಮೇಲೆ ಹೇಮಶ್ರೀಯವರಿಗೆ ದೊರೆತ ಮೊದಲ ಸುಳಿವು ಅದು. ಈ ಮುಂಗಾರಿಗೆ ಹಳ್ಳದ ಬಾಯಲ್ಲಿ ಬಲೆ ಕಟ್ಟಬಾರದೆಂದು ಅವರು ಎಲ್ಲರನ್ನೂ ಕೇಳಿಕೊಂಡರು. ಒಳ್ಳೆಯ ಮೀನು ಬೀಳುವ ಜಾಗ, ಯಾರೂ ಒಪ್ಪಲಿಲ್ಲ. ಒಂದು ಬೆಳಿಗ್ಗೆ ನಾಗರಾಜು ಯಾರಿಗೂ ಹೇಳದೆ ಅಲ್ಲಿ ಕಟ್ಟಿದ್ದ ತಮ್ಮ ಬಲೆಯನ್ನು ಎತ್ತಿಕೊಂಡು ಬಂದರು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಎತ್ತಿದರು.

ವರದಿಗೆಂದು ಬಂದ ನಾನು ಹೊರಡುವಾಗ ಸೋಮಮ್ಮ ಒದ್ದೆ ಸೆರಗು ಹಿಂಡುತ್ತಾ ಹತ್ತಿರ ಬರುತ್ತಾರೆ.

"ಪೇಪರ್ನಾಗೆ ನನ್ ಎಸ್ರು ಬುಟ್ರೂ ಪರ್ವಾಗಿಲ್ಲ. ಮೊದ್ಲು ಬಲೆ ಎತ್ತಿದ್ದು ನಮ್ ಯಜಮಾನ್ರು ಅಂತ ಬರೀರಿ."