ಬೆರಳಕ್ಕನ ಹೊಟ್ಟೆಕಿಚ್ಚು

ಬೆಳಗಿನ ಐದೂವರೆ. ಇಟ್ಟಿಗೆ ಗೂಡಿಗೆ ಹೊರಡುವ ಹೆಂಗಸರ ಕೈ ಮಣ್ಣಾಗುವ ಮೊದಲೇ ಅವರನ್ನು ಹಿಡಿಯಬೇಕು. ಅದಕ್ಕೇ ಬೆರಳಕ್ಕ ಇಷ್ಟು ಹೊತ್ತಿಗಾಗಲೇ ಮೂರನೇ ಮನೆಯ ಜಗಲಿಯಲ್ಲಿ ಕೂತಿದ್ದಾಳೆ. ಎದುರಿಗಿರುವ ಮುದುಕಿಯ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಫ್ಲಾಸ್ಕಿನ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಹೆಬ್ಬೆರಳನ್ನು ಒತ್ತಿ ಒರೆಸುತ್ತಾಳೆ. ಆಮೇಲೆ ಒಂದು ಹನಿ ಅಡುಗೆ ಎಣ್ಣೆ, ಮತ್ತೆ ಒಣ ಬಟ್ಟೆ. ಬೆರಳಚ್ಚು ಓದುವ ಅಂಗೈಯಗಲದ ಮಿಷನ್ನಿನ ಗಾಜಿನ ಮೇಲೆ ಆ ಬೆರಳನ್ನು ತಾನೇ ಹಿಡಿದು ಇಡಿಸುತ್ತಾಳೆ. ಕೆಂಪು ದೀಪ.

"ನನ್ನ ಗೆರೆಯೆಲ್ಲ ಸವೆದುಹೋಗಿದೆ ಕಣಮ್ಮ" ಎನ್ನುತ್ತಾಳೆ ಮುದುಕಿ.

"ಸವೆದಿಲ್ಲ ಅಜ್ಜಿ, ಮಲಗಿದೆ. ಎಬ್ಬಿಸೋಣ ತಾಳು."

ಎರಡನೇ ಸಲಕ್ಕೆ ಹಸಿರು ದೀಪ ಹತ್ತುತ್ತದೆ. ಸೊಂಟದ ಚೀಲದಿಂದ ನೋಟು ತೆಗೆದು ಮುದುಕಿಯ ಕೈಗೇ ಕೊಡುತ್ತಾಳೆ. ಬಾಗಿಲಲ್ಲಿ ನಿಂತು ಕೈ ಮುಂದೆ ಮಾಡಿದ ಮಗನಿಗಲ್ಲ.

ಬಡ ಕುಟುಂಬಗಳಿಗೆ ತಿಂಗಳಿಗೊಮ್ಮೆ ನೇರವಾಗಿ ನಗದು ಕೊಡುವ ಯೋಜನೆ ಈ ಹಳ್ಳಿಗಳಿಗೆ ಬಂದು ಎರಡು ವರ್ಷವಾಗಿದೆ. ದುಡ್ಡು ಮನೆಯ ಹೆಂಗಸಿನ ಹೆಸರಿಗೆ ಬರುತ್ತದೆ. ಬ್ಯಾಂಕಿಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕಾದ್ದರಿಂದ ಬ್ಯಾಂಕೇ ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಗೆ ನಡೆದು ಬರುತ್ತದೆ. ಹಾಗೆ ನಡೆದು ಬರುವವಳು ಈಕೆ. ನಾಲ್ಕು ಹಳ್ಳಿ, ನೂರ ಎಂಬತ್ತು ಮನೆ, ದಿನಕ್ಕೆ ಹನ್ನೊಂದು ಕಿಲೋಮೀಟರು ನಡಿಗೆ, ಬೆರಳಿಗಿಷ್ಟು ಎಂದು ಸಣ್ಣ ಕಮಿಷನ್ನು. "ಬೆರಳು ಕೊಡು" ಎನ್ನುತ್ತಲೇ ಅಂಗಳಕ್ಕೆ ಕಾಲಿಡುವುದರಿಂದ ಬೆರಳಕ್ಕ ಎಂಬ ಹೆಸರು ಬಿದ್ದಿದೆ. ಮಕ್ಕಳು ದೂರದಿಂದಲೇ ಹತ್ತೂ ಬೆರಳು ಅರಳಿಸಿಕೊಂಡು ಓಡಿಬರುತ್ತವೆ.

ಆ ದುಡ್ಡು ಎಲ್ಲೆಲ್ಲಿಗೆ ಹೋಯಿತು ಎಂಬುದನ್ನು ಆಕೆಗಿಂತ ಚೆನ್ನಾಗಿ ಬಲ್ಲವರಿಲ್ಲ. "ಮೊದಲನೇ ತಿಂಗಳು ಹೊಟ್ಟೆಗೆ ಹೋಗುತ್ತೆ. ಆಮೇಲೆ ಕಾಲಿಗೆ, ಮಕ್ಕಳಿಗೆ ಚಪ್ಪಲಿ ಬರುತ್ತೆ. ವರ್ಷ ತುಂಬೋದ್ರೊಳಗೆ ತಲೆ ಮೇಲಕ್ಕೆ ಹೋಗುತ್ತೆ, ಸೂರು ರಿಪೇರಿ ಆಗುತ್ತೆ. ಎಲ್ಲಾ ಮನೇಲೂ ಹೆಚ್ಚುಕಡಿಮೆ ಇದೇ" ಎನ್ನುತ್ತಾಳೆ. ಪುಕ್ಕಟೆ ದುಡ್ಡು ಜನರನ್ನು ಸೋಮಾರಿ ಮಾಡುತ್ತದೆ ಎಂದು ಚಹಾ ಅಂಗಡಿಯವನು ದಿನಾ ಹೇಳುತ್ತಾನಂತೆ. "ಯಾರೂ ಸೋಮಾರಿ ಆಗಿಲ್ಲ. ಆಗಿದ್ದಿದ್ರೆ ನನಗಾದ್ರೂ ಹೊಟ್ಟೆಕಿಚ್ಚು ಕಡಿಮೆ ಇರ್ತಿತ್ತು."

ಹೊಟ್ಟೆಕಿಚ್ಚಿನ ಮಾತನ್ನು ಆಕೆ ಮುಚ್ಚಿಡುವುದಿಲ್ಲ. ನೂರ ಎಂಬತ್ತು ಮನೆಗೆ ದುಡ್ಡು ಮುಟ್ಟಿಸುವ ಬೆರಳಕ್ಕನ ಹೆಸರು ಪಟ್ಟಿಯಲ್ಲಿಲ್ಲ. ಪಟ್ಟಿ ಮಾಡುವವರು ಬಂದಾಗ ಈ ಕೆಲಸಕ್ಕೆ ಸೇರಿ ಎಂಟೇ ದಿನವಾಗಿತ್ತು. ಮನೆಯಲ್ಲಿ ಸಂಬಳದವರು ಇದ್ದಾರಾ ಎಂದು ಕೇಳಿದರು. "ಜೀವನದಲ್ಲಿ ಮೊದಲನೇ ಸಲ ಇದ್ದಾರೆ ಅನ್ನೋ ಹಾಗಾಗಿತ್ತು. ಎದೆ ಉಬ್ಬಿಸಿಕೊಂಡು ಹೇಳ್ದೆ. ಆ ಜಂಭಕ್ಕೆ ಇವತ್ತಿಗೂ ದಂಡ ತೆರ್ತಿದೀನಿ." ಇದು ಸಂಬಳವಲ್ಲ, ಕಮಿಷನ್ನು ಎಂದು ಆಮೇಲೆ ಎರಡು ಅರ್ಜಿ ಕೊಟ್ಟಳು. ಅಳಿಯ ಅಲ್ಲ, ಮಗಳ ಗಂಡ ಎನ್ನುವಂಥ ಉತ್ತರ ಬಂತು. ಲಾರಿಯಿಂದ ಮೂಟೆ ಇಳಿಸುವಾಗ ಬಿದ್ದು ಮಂಡಿ ಮುರಿದುಕೊಂಡ ಗಂಡ ನಾಲ್ಕು ವರ್ಷದಿಂದ ಮನೆಯಲ್ಲೇ ಕೂತು ಹಗ್ಗ ಹೊಸೆಯುತ್ತಾನೆ.

ಊರಿನವರ ಏಳಿಗೆಯನ್ನಾದರೂ ತಡೆದುಕೊಳ್ಳಬಹುದು, ಗೋಡೆಯಾಚೆಯದನ್ನು ತಡೆದುಕೊಳ್ಳುವುದು ಕಷ್ಟ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಒಂದೇ ಮನೆ. ನಡುವೆ ಎದೆಮಟ್ಟದ ಗೋಡೆ. ಆಚೆ ಮೈದುನನ ಹೆಂಡತಿ, ಅಂದರೆ ಬೆರಳಕ್ಕನ ವಾರಗಿತ್ತಿ. ಇಟ್ಟಿಗೆ ಗೂಡಿನ ಕೂಲಿಯವಳು. ಆಕೆಯ ಹೆಸರು ಪಟ್ಟಿಯಲ್ಲಿದೆ. ಮೊದಲ ತಿಂಗಳು ಆಚೆಯಿಂದ ಈರುಳ್ಳಿ ಹುರಿಯುವ ವಾಸನೆ ಬಂತು. ಆಕೆಯ ಮಗಳು ಇಟ್ಟಿಗೆ ಹೊರುವುದು ಬಿಟ್ಟು ಶಾಲೆಗೆ ಹೊರಟಳು. ಆಮೇಲೆ ಅವರ ಪಾಲಿನ ಸೂರಿಗೆ ಹೊಸ ತಗಡು ಬಂತು. ಮಳೆಗಾಲದಲ್ಲಿ ಆ ತಗಡಿನ ನೀರೆಲ್ಲ ಜಾರಿ ಬಿದ್ದದ್ದು ಬೆರಳಕ್ಕನ ಮಣ್ಣುಗೋಡೆಯ ಮೇಲೆ.

"ಅವಳು ಬೇಕು ಅಂತ ಮಾಡಿದ್ದಲ್ಲ. ಅದು ನನಗೂ ಗೊತ್ತು" ಎನ್ನುತ್ತಾಳೆ. "ಆದ್ರೆ ಪ್ರತಿ ತಿಂಗಳೂ ನಾನೇ ಅವಳ ಕೈ ಹಿಡಿದು, ಒರೆಸಿ, ಎಣ್ಣೆ ಹಚ್ಚಿ ದುಡ್ಡು ಕೊಡಬೇಕಲ್ಲ. ಬಡಿಸೋ ಸೌಟಿಗೆ ಹಸಿವಾದ್ರೆ ಹೇಗಿರುತ್ತೆ ಹೇಳಿ."

ಕಳೆದ ಮಳೆಗಾಲದ ಕೊನೆಗೆ ನಡೆದದ್ದನ್ನು ಆಕೆ ತಾನಾಗಿಯೇ ಹೇಳುತ್ತಾಳೆ. ತಿಂಗಳಲ್ಲಿ ಮೂರು ಸಲ ಬೆರಳು ತಪ್ಪಿದರೆ ಆ ಮನೆಯ ದುಡ್ಡು ತಡೆಯಾಗುತ್ತದೆ. ಅವತ್ತು ವಾರಗಿತ್ತಿ ಗೂಡಿನಿಂದ ನೇರ ಬಂದಿದ್ದಳು. ಬೆರಳ ತುದಿಗಳು ಇಟ್ಟಿಗೆಗೆ ಉಜ್ಜಿ ಕಲ್ಲಿನ ಹಾಗಾಗಿದ್ದವು. ಮೊದಲ ಸಲ ಕೆಂಪು ದೀಪ. ಎರಡನೇ ಸಲವೂ ಕೆಂಪೇ. ಚೀಲದಲ್ಲಿ ಫ್ಲಾಸ್ಕಿತ್ತು, ಎಣ್ಣೆ ಸೀಸೆಯಿತ್ತು. ಬೆರಳಕ್ಕ ಎರಡನ್ನೂ ಹೊರಗೆ ತೆಗೆಯಲಿಲ್ಲ. ಒಣಬೆರಳನ್ನೇ ಮೂರನೇ ಸಲ ಒತ್ತಿಸಿದಳು.

"ಆಗಲಿಲ್ಲ ಕಣೇ. ಈ ತಿಂಗಳದು ನಿಂತ್ಹೋಯ್ತು."

"ಹೋಗ್ಲಿ ಬಿಡಕ್ಕ, ನೀನೇನು ಮಾಡ್ತೀಯ. ನನ್ನ ಕೈಯೇ ಸರಿಯಿಲ್ಲ" ಎಂದು ವಾರಗಿತ್ತಿ ಎದ್ದುಹೋದಳು.

"ಆ ಸಂಜೆ ಸಮಾಧಾನವಾಗಿತ್ತು. ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾಳೆ ಬೆರಳಕ್ಕ. ಮೂರನೇ ದಿನ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟಾಗ, ವಾರಗಿತ್ತಿಯ ಹನ್ನೆರಡು ವರ್ಷದ ಮಗಳು ತಲೆಗೆ ಸಿಂಬಿ ಇಟ್ಟುಕೊಂಡು ತಾಯಿಯ ಹಿಂದೆ ಗೂಡಿನ ದಾರಿ ಹಿಡಿದಿದ್ದಳು. "ದೊಡ್ಡಮ್ಮ, ಈ ತಿಂಗಳು ಮಾತ್ರ" ಎಂದು ತಾನೇ ಸಮಾಧಾನ ಹೇಳಿ ಹೋದಳು. ಬೆರಳಕ್ಕ ಅವತ್ತು ಒಂದು ಮನೆಗೂ ಹೋಗಲಿಲ್ಲ. ಎರಡು ಬಸ್ಸು ಬದಲಿಸಿ ಪಟ್ಟಣದ ಕಚೇರಿಗೆ ಹೋದಳು. ತಪ್ಪು ಬೆರಳಿನದಲ್ಲ, ಹಂಚುವ ಕಡೆಯದು ಎಂದು ಬರೆದುಕೊಟ್ಟರೆ ಮಾತ್ರ ತಡೆ ತೆಗೆಯಬಹುದಿತ್ತು. ಗುಮಾಸ್ತ ಪಾಪ ಒಳ್ಳೆಯವನು. "ಮಿಷನ್ ಕೆಟ್ಟಿತ್ತು ಅಂತ ಬರಿಯಮ್ಮ, ನಿನಗ್ಯಾಕೆ ತಲೆನೋವು" ಎಂದ.

"ಮಿಷನ್ ಸರಿಯಾಗೇ ಇತ್ತು ಸಾರ್. ಬಿಸಿನೀರಿತ್ತು, ನಾನು ಕೊಡಲಿಲ್ಲ" ಎಂದು ಅದನ್ನೇ ಬರೆದು ಸಹಿ ಹಾಕಿದಳು.

ವಾರಗಿತ್ತಿಯ ದುಡ್ಡು ನಾಲ್ಕು ದಿನದಲ್ಲಿ ಬಂತು, ಹುಡುಗಿ ಮತ್ತೆ ಶಾಲೆಗೆ ಹೋದಳು. ಬೆರಳಕ್ಕನ ಕೈಯಿಂದ ಒಂದು ತಿಂಗಳು ಮಿಷನ್ ಕಿತ್ತುಕೊಂಡರು. ಬದಲಿಗೆ ಬಂದವನು ಮರದಡಿ ಕುರ್ಚಿ ಹಾಕಿಕೊಂಡು ಜನರನ್ನು ತನ್ನಲ್ಲಿಗೇ ಕರೆಸಿದ. ನಲವತ್ತೊಂದು ಮನೆಯ ಬೆರಳು ತಪ್ಪಿತು. ಮುಂದಿನ ತಿಂಗಳು ಕಚೇರಿಯವರೇ ಬೆರಳಕ್ಕನಿಗೆ ವಾಪಸ್ ಬಾ ಎಂದು ಹೇಳಿಕಳುಹಿಸಿದರು.

ನಡೆದದ್ದನ್ನು ಬೆರಳಕ್ಕ ಗೋಡೆಯ ಈಚೆ ನಿಂತು ತಾನೇ ವಾರಗಿತ್ತಿಗೆ ಹೇಳಿದ್ದಳು. ಆಕೆ ಕೇಳಿಸಿಕೊಂಡು ಒಳಗೆ ಹೋದಳು. ಮಿಷನ್ ಮರಳಿದ ಮೇಲೂ ಎರಡು ತಿಂಗಳು ಮುಖ ಆ ಕಡೆ ತಿರುಗಿಸಿಕೊಂಡೇ ಬೆರಳು ಕೊಟ್ಟಳು. ಮೂರನೇ ತಿಂಗಳು, ಬಿಸಿಬಟ್ಟೆ ಬೆರಳಿಗೆ ಸುತ್ತಿದ್ದಾಗ ಮಾತು ಹೊರಬಂತು.

"ನನ್ನ ಮೇಲೆ ನಿನಗೆ ಹೊಟ್ಟೆಕಿಚ್ಚಾ ಅಕ್ಕ? ನೀನು ಹೋದ ಮನೇಲೆಲ್ಲ ಚಾಪೆ ಹಾಕ್ತಾರೆ, ನೀರು ಕೊಟ್ಟು ಮಾತಾಡಿಸ್ತಾರೆ. ನಾನು ಹುಟ್ಟಿದಾಗಿಂದ ಇಟ್ಟಿಗೆ ಹೊರ್ತಿದೀನಿ, ನನಗೆ ಯಾರು ಚಾಪೆ ಹಾಕಿದಾರೆ? ನೀನು ಚೀಲ ಹಾಕ್ಕೊಂಡು ಹೋಗೋದನ್ನ ನೋಡಿದ್ರೆ ನನ್ನ ಹೊಟ್ಟೆ ಉರಿಯುತ್ತೆ."

"ನನ್ನನ್ನ ನೋಡಿ ಉರ್ಕೊಳ್ಳೋರೂ ಇದಾರೆ ಅಂತ ಅವತ್ತೇ ಗೊತ್ತಾಗಿದ್ದು" ಎನ್ನುವಾಗ ಬೆರಳಕ್ಕನಿಗೆ ನಗು ತಡೆಯಲಾಗುವುದಿಲ್ಲ. ಈಗ ಇಬ್ಬರೂ ಮಾತಾಡುತ್ತಾರೆ, ಬೇಕಾದಷ್ಟೇ.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದರೆ, "ಬರೀರಿ. ಒಳ್ಳೇದು ಮಾತ್ರ ಬರೆದ್ರೆ ಓದಿದವರು ನನ್ನನ್ನಲ್ಲ, ಬೇರೆ ಯಾರನ್ನೋ ಹೊಗಳಿದ ಹಾಗಾಗುತ್ತೆ" ಎನ್ನುತ್ತಾಳೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ ಫ್ಲಾಸ್ಕಿನ ಮುಚ್ಚಳ ಬಿಗಿಮಾಡುತ್ತ ತಲೆಯಲ್ಲಾಡಿಸುತ್ತಾಳೆ.

"ಎಲ್ಲಿ ಹೋಗುತ್ತೆ? ಅವಳು ಉಳಿಸಿದ ದುಡ್ಡಲ್ಲಿ ಹೊಲಿಗೆ ಮಿಷನ್ ತಗೊಳ್ತಾಳಂತೆ. ಕೇಳಿದಾಗಿಂದ ಅನ್ನ ಸೇರ್ತಿಲ್ಲ" ಎನ್ನುತ್ತಾಳೆ. ಮುಂದಿನ ಮನೆಯ ಅಂಗಳಕ್ಕೆ ಕಾಲಿಡುವ ಮೊದಲು ಒಮ್ಮೆ ಹಿಂತಿರುಗುತ್ತಾಳೆ. "ಆದ್ರೆ ನಾನು ವಾಪಸ್ ಬಂದ ಮೇಲೆ ನಾಲ್ಕೂ ಹಳ್ಳೀಲಿ ಒಂದು ಬೆರಳೂ ತಪ್ಪಿಲ್ಲ. ಅವಳದೂ ಸೇರಿ."