ಏನೂ ಮಾಡದೆ ಸಾಯುವುದು

ಚೆನ್ನೈನ ಕ್ರೋಂಪೇಟೆಯ ನಮ್ಮ ಎದುರುಮನೆಯ ಹಿರಿಯ ನಟರು ಹಳೆಯ ಸಿನಿಮಾಗಳಲ್ಲಿ ಸಾಯುವುದಕ್ಕೇ ಹೆಸರಾದವರು. ಗುಂಡು ತಗುಲಿದರೆ ಮೂರು ಸುತ್ತು ತಿರುಗಿ, ಕಂಬ ಹಿಡಿದು, ಒಂದು ಪುಟ ಮಾತಾಡಿಯೇ ಬೀಳುತ್ತಿದ್ದರಂತೆ. ಹಾಲಿನ ಪ್ಯಾಕೆಟ್ ತರುವಾಗಲೂ ಕೈ ಅಗಲಿಸಿ, "ಕೊನೇ ಬೆಂಚಿಗೂ ಕಾಣ್ಬೇಕು ಸಾರ್" ಎನ್ನುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ಅವರಿಗೊಂದು ಪಾತ್ರ ಬರುವ ಹಾಗಿತ್ತು: ಕೂತ ಕುರ್ಚಿಯಲ್ಲೇ ಪ್ರಾಣ ಬಿಡುವ ಅಜ್ಜ. ಮೊಬೈಲಿನಲ್ಲಿ ನಟಿಸಿ ಕಳಿಸಬೇಕು. ಮೊದಲು ಕಳಿಸಿದ್ದನ್ನು ನೋಡಿದ ನಿರ್ದೇಶಕ, "ಸಾರ್, ಒಣ್ಣುಮೇ ಪಣ್ಣಾದೀಂಗ" ಎಂದನಂತೆ. ಏನೂ ಮಾಡಬೇಡಿ ಅಂತ.

"ಏನೂ ಮಾಡ್ದೇ ಹೆಂಗ್ ಸಾಯೋದು ಸಾರ್?" ಎನ್ನುತ್ತಲೇ ಮತ್ತೆ ಕೂತರು. ಮೊಬೈಲ್ ಹಿಡಿದವನು ನಾನು, ಬೇರೆಯವರ ಕೆಮ್ಮಿಗೂ ಹೆದರುವವನು. ಅವರ ತಲೆ ಮೆಲ್ಲಗೆ ವಾಲಿತು, ಕಣ್ಣು ನೆಟ್ಟಲ್ಲೇ ನಿಂತಿತು. ಒಂದು ನಿಮಿಷ ಕಳೆಯಿತು, ಎರಡಾಯಿತು. ಮಾತಾಡಿದರೆ ಪಾತ್ರ ಕೆಡುತ್ತದೆ, ಸುಮ್ಮನಿದ್ದರೆ ಮನುಷ್ಯನೇ ಹೋಗಿಬಿಟ್ಟರೆ? ಬೆವರಿದ್ದು ನಾನು. ಕೊನೆಗೆ "ಸಾರ್!" ಎಂದು ಕಿರುಚಿದೆ.

ಅವರು ಕಣ್ಣು ಮಿಟುಕಿಸಿ ಬೈದರು. "ಕಟ್ ಅನ್ಬಾರ್ದೇನ್ರೀ? ನೀವು ಅನ್ನದೆ ನಾನ್ ಹೆಂಗ್ ಏಳ್ಲಿ?"

ನಗುತ್ತಲೇ ವಿಡಿಯೋ ನೋಡತೊಡಗಿದವರ ನಗು ಅರ್ಧಕ್ಕೇ ನಿಂತಿತು. "ಇದನ್ನ ಕಳಿಸ್ಬೇಡಿ. ಅಳಿಸ್ಬಿಡಿ."

"ತುಂಬಾ ಚೆನ್ನಾಗಿದೆ ಸಾರ್. ಪಾತ್ರ ನಿಮಗೇ."

"ಚೆನ್ನಾಗಿದೆ, ಅದೇ ಭಯ. ಅಷ್ಟು ಸಲ ಸತ್ತಿದೀನಿ, ಹಿಂಗಿರುತ್ತೆ ಅನ್ಕೊಂಡಿರ್ಲಿಲ್ಲ."

ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು: "ತಿಂಗ್ಳು ತಿಂಗ್ಳು ಎದೆ ತೋರಿಸ್ಕೊಳ್ಳೋಕೆ ಓಡ್ತೀರಲ್ಲ, ಆ ಡಾಕ್ಟರು ಸಾಯಂಕಾಲ ಎಷ್ಟ್ ಗಂಟೆವರೆಗೆ ಇರ್ತಾರೆ?"